ಮದುರಾ ಪಾದ: ಕಾಳು ನೋಡದೆ ಚೀಟಿ ಬರೆಯುವುದಿಲ್ಲ

ಪಾದ ಊದಿದೆ, ನಾಲ್ಕಾರು ಕಡೆ ತೂತು ಬಿದ್ದು ಕೀವು ಸೋರುತ್ತಿದೆ, ಆದರೂ ಹೇಳಿಕೊಳ್ಳುವಷ್ಟು ನೋವಿಲ್ಲ. ಹೊಲದಲ್ಲಿ ಬರಿಗಾಲಲ್ಲಿ ದುಡಿಯುವವರು ಹೀಗೆ ಬಂದರೆ ನಾನು ಮೊದಲು ಯೋಚಿಸುವುದು ಮೈಸೆಟೋಮ, ಅಂದರೆ ಮದುರಾ ಪಾದ. ಎಂದೋ ಚುಚ್ಚಿದ ಜಾಲಿ ಮುಳ್ಳು ಎಷ್ಟೋ ಜನಕ್ಕೆ ನೆನಪೇ ಇರುವುದಿಲ್ಲ. ನೋವಿಲ್ಲವೆಂದೇ ವರ್ಷಗಟ್ಟಲೆ ತಡವಾಗಿರುತ್ತದೆ.

ಶಿಲೀಂಧ್ರದಿಂದಲೂ ಇದೇ ರೂಪ, ಬ್ಯಾಕ್ಟೀರಿಯಾದಿಂದಲೂ ಇದೇ ರೂಪ. ಒಂದರ ಔಷಧಿ ಇನ್ನೊಂದಕ್ಕೆ ನಾಟದು. ಅದಕ್ಕೇ ಕೀವಿನ ಜೊತೆ ಬರುವ ಕಾಳುಗಳನ್ನು, ಅಂದರೆ ರೋಗಾಣುಗಳೇ ಗುಂಪುಗಟ್ಟಿದ ಸಣ್ಣ ಹರಳುಗಳನ್ನು, ಹುಡುಕಬೇಕು.

ಬಾಯಿಬಿಟ್ಟ ತೂತನ್ನು ಹತ್ತಿಯ ಕಡ್ಡಿಯಿಂದ ಒರೆಸಿ ಸ್ವ್ಯಾಬ್ ಕಳಿಸಿದರೆ ಸಾಮಾನ್ಯವಾಗಿ ಬೆಳೆಯುವುದು ಮೇಲೆ ಬಂದು ಕೂತ ಸ್ಟ್ಯಾಫಿಲೋಕಾಕಸ್ ಎಂಬ ಬೇರೆ ಬ್ಯಾಕ್ಟೀರಿಯಾ. ಆ ವರದಿ ದಾರಿ ತಪ್ಪಿಸುತ್ತದೆ. ನಾನು ಇನ್ನೂ ಒಡೆಯದ ಗುಳ್ಳೆಯನ್ನು ಸೂಜಿಯಿಂದ ಚುಚ್ಚಿ ಒತ್ತುತ್ತೇನೆ. ಸಿಗದಿದ್ದರೆ ಮುಲಾಮು ಹಚ್ಚದೆ ಒಣ ಗಾಜ್ ಕಟ್ಟಿ, ಬೆಳಿಗ್ಗೆ ಬಿಚ್ಚಿ ನೋಡುತ್ತೇನೆ. ಸಿಕ್ಕ ಕಾಳನ್ನು ಸಲೈನ್‌ನಲ್ಲಿ ಎರಡು ಮೂರು ಸಲ ತೊಳೆದು, ಎರಡು ಸ್ಲೈಡ್‌ಗಳ ನಡುವೆ ಅರೆಯಬೇಕು. ಒಣಗಿದ ಹೆಕ್ಕಳೆ ಸುಲಭಕ್ಕೆ ಅರೆಯದೆ ಚೂರಾಗುತ್ತದೆ, ಅದನ್ನೇ ಕಾಳೆಂದು ಮೋಸಹೋಗಬಾರದು.

ಕಪ್ಪು ಕಾಳಾದರೆ ಬಹುಮಟ್ಟಿಗೆ ಶಿಲೀಂಧ್ರ, ಕೆಂಪಾದರೆ ಆಕ್ಟಿನೊಮಡುರಾ ಪೆಲ್ಲೆಟಿಯೆರಿ ಎಂಬ ಬ್ಯಾಕ್ಟೀರಿಯಾ. ಬಿಳಿ, ಹಳದಿ ಯಾವುದೂ ಆಗಬಹುದು. 10% ಕೆಓಹೆಚ್ (ಪೊಟ್ಯಾಸಿಯಮ್ ಹೈಡ್ರಾಕ್ಸೈಡ್) ದ್ರಾವಣದಲ್ಲಿ 2–5 ಮೈಕ್ರಾನ್ ದಪ್ಪದ ಎಳೆ ಕಂಡರೆ ಶಿಲೀಂಧ್ರ. ಗ್ರಾಂ ಬಣ್ಣದಲ್ಲಿ 1 ಮೈಕ್ರಾನ್‌ಗಿಂತ ತೆಳುವಾದ ನೀಲಿ ಎಳೆ ಕಂಡರೆ ಬ್ಯಾಕ್ಟೀರಿಯಾ. 1% ಸಲ್ಫ್ಯೂರಿಕ್ ಆಮ್ಲ ಬಳಸಿದ ಜೀಲ್-ನೀಲ್ಸನ್ ಬಣ್ಣದಲ್ಲಿ ನೋಕಾರ್ಡಿಯಾ ಎಂಬ ಬ್ಯಾಕ್ಟೀರಿಯಾ ಗುಲಾಬಿಯಾಗಿ ಉಳಿಯುತ್ತದೆ.

ಕಾಳು ಸಿಗದಿದ್ದರೆ ಬಯಾಪ್ಸಿ, ಅದೂ ಕೊಬ್ಬಿನ ಪದರ ದಾಟುವಷ್ಟು ಆಳಕ್ಕೆ. ಚಿಕ್ಕ ಪಂಚ್‌ನಲ್ಲಿ ಬರೀ ಊತದ ಚರ್ಮ ಬರುತ್ತದೆ. ತುಂಡನ್ನು ಎರಡು ಮಾಡಿ ಅರ್ಧ ಫಾರ್ಮಲಿನ್‌ಗೆ, ಅರ್ಧ ಸಲೈನ್‌ಗೆ ನಾನೇ ಹಾಕುತ್ತೇನೆ. ಪೂರ್ತಿ ಫಾರ್ಮಲಿನ್‌ಗೆ ಬಿದ್ದರೆ ಕಲ್ಚರ್, ಅಂದರೆ ರೋಗಾಣು ಬೆಳೆಸಿ ನೋಡುವುದು, ಸತ್ತಂತೆ. ಪ್ರಯೋಗಾಲಯಕ್ಕೆ ಎರಡು ಮಾತು ಬರೆದು ಕಳಿಸುತ್ತೇನೆ: ಆ್ಯಂಟಿಬಯಾಟಿಕ್ ಇಲ್ಲದ ಮಾಧ್ಯಮದಲ್ಲೂ ಹಾಕಿ, 4–6 ವಾರ ಎಸೆಯಬೇಡಿ.

ಬ್ಯಾಕ್ಟೀರಿಯಾದ್ದಾದರೆ ಅಮಿಕಾಸಿನ್, ದಿನಕ್ಕೆ ಕೆಜಿಗೆ 15 ಮಿಗ್ರಾಂ, ಎರಡು ಪಾಲು ಮಾಡಿ 21 ದಿನ. ಆಮೇಲೆ 15 ದಿನ ಬಿಡುವು. ಜೊತೆಗೆ ಕೊಡುವ ಕೋ-ಟ್ರೈಮಾಕ್ಸಜೋಲ್ ಮಾತ್ರ ಬಿಡುವಿನಲ್ಲೂ ನಡೆಯುತ್ತದೆ. ಇದು ಒಂದು ಸುತ್ತು. ಒಂದರಿಂದ ಮೂರು ಬೇಕಾಗಬಹುದು. ಪ್ರತಿ ಸುತ್ತಿಗೂ ಮುಂಚೆ ಮೂತ್ರಪಿಂಡಕ್ಕಾಗಿ ಕ್ರಿಯಾಟಿನಿನ್, ಜೊತೆಗೆ ಕಿವಿಯ ಪರೀಕ್ಷೆ. ರಕ್ತದೊತ್ತಡಕ್ಕೆ ಟೆಲ್ಮಿಸಾರ್ಟಾನ್ ತೆಗೆದುಕೊಳ್ಳುವವರಲ್ಲಿ ಕೋ-ಟ್ರೈಮಾಕ್ಸಜೋಲ್ ಸೇರಿದರೆ ಪೊಟ್ಯಾಸಿಯಮ್ ಏರಬಹುದು, ಅದನ್ನೂ ನೋಡಬೇಕು.

ಶಿಲೀಂಧ್ರದ್ದು ಹಟಮಾರಿ. ಇಟ್ರಾಕೊನಜೋಲ್ 200 ಮಿಗ್ರಾಂ ದಿನಕ್ಕೆರಡು ಸಲ, ಕನಿಷ್ಠ ಒಂದು ವರ್ಷ, ನಡುನಡುವೆ ಯಕೃತ್ತಿನ ಪರೀಕ್ಷೆ. ಗಡ್ಡೆ ಕುಗ್ಗಿ ಅಂಚು ಕಟ್ಟಿದ ಮೇಲೆ ಶಸ್ತ್ರಚಿಕಿತ್ಸೆ ಸಲೀಸು. ಕ್ಯಾಪ್ಸೂಲ್ ಹೊಟ್ಟೆಯ ಆಮ್ಲವಿದ್ದರೇ ಹೀರಿಕೊಳ್ಳುವುದು, ಅದಕ್ಕೇ ಊಟದ ಜೊತೆ. ರೂಢಿಯಂತೆ ಜೊತೆಗೆ ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ ಬರೆದುಬಿಡುತ್ತೇವಲ್ಲ, ಗುಣ ಕಾಣದಿದ್ದಾಗ ನಾನು ಚೀಟಿಯಲ್ಲಿ ಮೊದಲು ಹುಡುಕುವುದು ಅದನ್ನೇ.