ಒಂದೇ ರೂಪ, ಬೇರೆ ಅರ್ಥ: ನೆರೆಭಾಷೆಗಳಿಂದ ಕನ್ನಡಕ್ಕೆ ಅನುವಾದಿಸುವಾಗಿನ ನನ್ನ ಅನುಭವ

ಮಲಯಾಳಂ, ಮರಾಠಿ ಮತ್ತು ಹಿಂದಿ ಭಾಷೆಗಳಿಂದ ಕನ್ನಡಕ್ಕೆ ಅನುವಾದ ಮಾಡುವುದು ನನ್ನ ಕಸುಬು. ಕಥೆ, ಪ್ರಬಂಧಗಳ ಜೊತೆಗೆ ನ್ಯಾಯಾಲಯದ ಕಾಗದಪತ್ರಗಳು, ಸರ್ಕಾರಿ ಸುತ್ತೋಲೆಗಳು, ಜನರಿಗೆ ಹಂಚುವ ಮಾಹಿತಿ ಪುಸ್ತಿಕೆಗಳೂ ನನ್ನ ಮೇಜಿಗೆ ಬರುತ್ತವೆ. ಅರ್ಥ ತಿಳಿಯದ ಪದ ಎದುರಾದಾಗ ಕೈ ತಾನಾಗಿ ನಿಘಂಟಿನ ಕಡೆಗೆ ಹೋಗುತ್ತದೆ. ಕನ್ನಡದಲ್ಲಿಯೂ ಅದೇ ರೂಪದಲ್ಲಿರುವ ಪದ ಎದುರಾದಾಗ ಹಾಗೆ ಹೋಗುವುದಿಲ್ಲ, ಏಕೆಂದರೆ ನಮ್ಮ ಕಣ್ಣು ಅದಕ್ಕೆ ಕನ್ನಡದ ಅರ್ಥವನ್ನು ಆಗಲೇ ಕೊಟ್ಟಿರುತ್ತದೆ. ಇಂಥ ಪದಗಳಿಗಾಗಿಯೇ ನಾನು ಒಂದು ಪದಪಟ್ಟಿಯನ್ನು ಬೆಳೆಸುತ್ತ ಬಂದಿದ್ದೇನೆ. ಅದನ್ನು ಹೇಗೆ ಕಟ್ಟಿಕೊಂಡೆ, ಕಟ್ಟುವಾಗ ಏನು ಕಂಡೆ ಎಂಬುದನ್ನು ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ಉಪಯೋಗವಾಗಲೆಂದು ಬರೆಯುತ್ತಿದ್ದೇನೆ.

ಹಿಂದಿಯ 'ಶಿಕ್ಷಾ' ಎಂದರೆ ವಿದ್ಯಾಭ್ಯಾಸ, ಕನ್ನಡದ 'ಶಿಕ್ಷೆ' ಎಂದರೆ ದಂಡನೆ ಎಂಬುದು ಶಾಲೆಯ ಮಕ್ಕಳಿಗೂ ಗೊತ್ತಿರುವ ಉದಾಹರಣೆ. ಹಿಂದಿಯ 'ಉಪನ್ಯಾಸ್' ಕಾದಂಬರಿಯೆಂಬುದೂ ಬಹಳ ಮಂದಿಗೆ ಗೊತ್ತು. ಇಷ್ಟು ದೂರ ಸರಿದ ಪದಗಳಿಂದ ಅನುವಾದಕನಿಗೆ ಹೆಚ್ಚಿನ ಅಪಾಯವಿಲ್ಲ. ತಪ್ಪು ಅರ್ಥವನ್ನು ಹಾಕಿದರೆ ವಾಕ್ಯವೇ ಅದನ್ನು ಒಪ್ಪದೆ ಎಡವುತ್ತದೆ. ನಿಜವಾಗಿ ಕಾಯಬೇಕಾದದ್ದು, ತಪ್ಪು ಅರ್ಥದಲ್ಲಿಯೂ ವಾಕ್ಯ ಸರಾಗವಾಗಿ ಓದಿಸಿಕೊಂಡು ಹೋಗುವಂಥ ಪದಗಳನ್ನು. ಮಲಯಾಳಂ ಸುತ್ತೋಲೆಯೊಂದರಲ್ಲಿ ರೈತರ 'ಅಪೇಕ್ಷೆ'ಗಳನ್ನು ಪರಿಶೀಲಿಸಲಾಗುವುದು ಎಂದಿದೆಯೆಂದು ಇಟ್ಟುಕೊಳ್ಳೋಣ. ಅದೇ ಪದವನ್ನು ಉಳಿಸಿದರೂ ಕನ್ನಡ ವಾಕ್ಯಕ್ಕೆ ಯಾವ ಊನವೂ ಕಾಣುವುದಿಲ್ಲ, ಓದುಗ ಅದನ್ನು ರೈತರ ಆಸೆ, ಬಯಕೆ ಎಂದುಕೊಳ್ಳುತ್ತಾನೆ. ಆದರೆ ಮಲಯಾಳಂನಲ್ಲಿ 'ಅಪೇಕ್ಷ' ಎಂದರೆ ಅರ್ಜಿ. ಬಯಕೆಯನ್ನು ಪರಿಶೀಲಿಸುವುದಕ್ಕೂ ಅರ್ಜಿಯನ್ನು ಪರಿಶೀಲಿಸುವುದಕ್ಕೂ ಇರುವ ದೂರ ಅರ್ಜಿ ಹಾಕಿ ಕಾದಿರುವ ರೈತನಿಗೆ ಚೆನ್ನಾಗಿ ಗೊತ್ತು. ಹಿಂದಿಯ ಕಚೇರಿಗಳಲ್ಲಿ ತೂಗುಹಾಕಿರುವ 'ಪರಿಸರ್' ಸ್ವಚ್ಛವಾಗಿಡಿ ಎಂಬ ಫಲಕವೂ ಇದೇ ಜಾತಿಯದು. ಅಲ್ಲಿ ಹೇಳುತ್ತಿರುವುದು ಕಚೇರಿಯ ಆವರಣದ ಮಾತು. ನಾವು ಪರಿಸರ ಎನ್ನುವುದಕ್ಕೆ ಹಿಂದಿಯವರು 'ಪರ್ಯಾವರಣ್' ಎನ್ನುತ್ತಾರೆ. 'ಉದ್ಯೋಗ್ ವಿಭಾಗ್' ಎಂಬುದು ಕೈಗಾರಿಕಾ ಇಲಾಖೆ. ಕೆಲಸ ಹುಡುಕುವವನು ಕನ್ನಡದ ಅರ್ಥವನ್ನು ನಂಬಿ ಅಲ್ಲಿಗೆ ಹೋದರೆ ಬರಿಗೈಯಲ್ಲಿ ಮರಳಬೇಕಾಗುತ್ತದೆ. ಖರ್ಚಿನ 'ಅನುಮಾನ್' ಎಂದರೆ ಖರ್ಚಿನ ಅಂದಾಜು, ಖರ್ಚಿನ ಬಗೆಗಿನ ಸಂದೇಹವಲ್ಲ. ಒಂದು ನೀತಿಯ 'ಆಲೋಚನಾ' ನಡೆಯಿತು ಎಂದರೆ ಆ ನೀತಿ ಟೀಕೆಗೆ ಒಳಗಾಯಿತು ಎಂದರ್ಥ.

ಈ ಕಾರಣದಿಂದ ನನ್ನ ಕೆಲಸದ ಕ್ರಮದಲ್ಲಿ ಒಂದು ಹಂತವನ್ನು ಹೆಚ್ಚಾಗಿ ಸೇರಿಸಿಕೊಂಡೆ. ಕರಡು ಮುಗಿದ ಮೇಲೆ ಮೂಲವನ್ನೂ ಅನುವಾದವನ್ನೂ ಅಕ್ಕಪಕ್ಕದಲ್ಲಿಟ್ಟುಕೊಂಡು, ರೂಪ ಬದಲಾಗದೆ ಆ ಕಡೆಯಿಂದ ಈ ಕಡೆಗೆ ದಾಟಿ ಬಂದ ಪ್ರತಿಯೊಂದು ಪದದ ಕೆಳಗೂ ಪೆನ್ಸಿಲ್ಲಿನಿಂದ ಗೆರೆ ಎಳೆಯುತ್ತೇನೆ. ಆಮೇಲೆ ಆ ಪದಗಳನ್ನು ಮಾತ್ರ, ಅವು ನನಗೆ ಗೊತ್ತೇ ಇಲ್ಲವೆಂಬಂತೆ, ಒಂದೊಂದಾಗಿ ಹುಡುಕುತ್ತೇನೆ. ಬೇಸರ ತರುವ ಕೆಲಸವಿದು, ಆದರೆ ಇದಕ್ಕೆ ಬದಲಿಯಾಗಬಲ್ಲ ಬೇರೆ ದಾರಿ ನನಗೆ ಸಿಕ್ಕಿಲ್ಲ.

ಹುಡುಕುವುದಾದರೂ ಎಲ್ಲಿ? ಮಲಯಾಳಂಗೆ 1872ರಲ್ಲಿ ಬಂದ ಗುಂಡರ್ಟ್ ನಿಘಂಟು, ಮರಾಠಿಗೆ 1857ರಲ್ಲಿ ಎರಡನೆಯ ಆವೃತ್ತಿ ಕಂಡ ಮೋಲ್ಸ್‌ವರ್ತ್ ನಿಘಂಟು, ತೆಲುಗಿಗೆ ಬ್ರೌನ್, ಕನ್ನಡಕ್ಕೆ 1894ರ ಕಿಟ್ಟೆಲ್ ನಿಘಂಟು ಮತ್ತು ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಕನ್ನಡ ನಿಘಂಟು ನನ್ನ ನಿತ್ಯದ ಆಕರಗಳು. ಹತ್ತೊಂಬತ್ತನೆಯ ಶತಮಾನದ ಆ ಹಳೆಯ ನಿಘಂಟುಗಳನ್ನು ಚಿಕಾಗೋ ವಿಶ್ವವಿದ್ಯಾಲಯವು ಅಂತರಜಾಲದಲ್ಲಿ ಉಚಿತವಾಗಿ ಒದಗಿಸಿರುವುದು ನಮ್ಮಂಥವರಿಗೆ ದೊಡ್ಡ ಉಪಕಾರ. ಆದರೆ ಅವು ಪದದ ಹಿಂದಿನ ಬದುಕನ್ನು ಹೇಳುತ್ತವೆ, ಇಂದಿನ ಬಳಕೆಯನ್ನು ಹೇಳುವುದಿಲ್ಲ. ಇಂದಿನ ಬಳಕೆಗೆ ನಾನು ನೆಚ್ಚಿಕೊಂಡಿರುವುದು, ಒಂದೇ ವಿಷಯ ಹಲವು ಭಾಷೆಗಳಲ್ಲಿ ಅಧಿಕೃತವಾಗಿ ದೊರೆಯುವ ಬರಹಗಳನ್ನು. ಅವುಗಳಲ್ಲಿ ಮೊದಲನೆಯದು ಭಾರತದ ಸಂವಿಧಾನ.

ಸಂವಿಧಾನದ ಪ್ರಸ್ತಾವನೆಯಲ್ಲಿ ಎಲ್ಲ ಪ್ರಜೆಗಳಿಗೂ ಅವಕಾಶದ ಸಮಾನತೆಯನ್ನು ದೊರಕಿಸುವ ಮಾತಿದೆ. ಕನ್ನಡ ಮತ್ತು ತೆಲುಗು ಪಾಠಗಳು ಅಲ್ಲಿ 'ಅವಕಾಶ' ಎಂಬ ಪದವನ್ನು ಬಳಸುತ್ತವೆ. ಹಿಂದಿ ಮತ್ತು ಮಲಯಾಳಂ ಪಾಠಗಳು 'ಅವಸರ' ಎನ್ನುತ್ತವೆ. ಮರಾಠಿ ಪಾಠ 'ಸಂಧಿ' ಎನ್ನುತ್ತದೆ. ಕನ್ನಡಿಗನಿಗೆ ಅವಸರವೆಂದರೆ ಆತುರ, ಸಂಧಿಯೆಂದರೆ ಕೂಡುವ ಜಾಗ ಅಥವಾ ವ್ಯಾಕರಣದ ಪಾಠ. ಇಲ್ಲಿಂದ ಎಳೆ ಹಿಡಿದು ಹೊರಟಾಗ ಇನ್ನೂ ಹಲವು ಎಳೆಗಳು ಬಿಚ್ಚಿಕೊಂಡವು. 'ಅವಸರ' ತೆಲುಗಿನಲ್ಲಿ ಅಗತ್ಯ ಎಂಬ ಅರ್ಥವನ್ನು ಪಡೆದಿದೆ. ತಮಿಳಿನಲ್ಲಿ ನಮ್ಮಂತೆಯೇ ಆತುರ, ತುರ್ತು ಎಂಬ ಅರ್ಥದಲ್ಲಿದ್ದು, ನಾವು ಸುಗ್ರೀವಾಜ್ಞೆ ಎನ್ನುವುದನ್ನು ಅವರು 'ಅವಸರ ಚಟ್ಟಂ' ಎನ್ನುತ್ತಾರೆ. 'ಅವಕಾಶ' ಹಿಂದಿಯಲ್ಲಿ ರಜೆ, ಮರಾಠಿಯಲ್ಲಿ ಬಿಡುವು ಮತ್ತು ಅಂತರಿಕ್ಷ, ಮಲಯಾಳಂನಲ್ಲಿ ಹಕ್ಕು. ಸಂಸ್ಕೃತದಲ್ಲಿ ಅದಕ್ಕೆ ಎಡೆ, ತೆರಪು ಎಂಬ ಅರ್ಥ ಮೂಲದಲ್ಲಿಯೇ ಇದೆ. ಕಾಲದ ತೆರಪು ರಜೆಯಾಯಿತು, ಜಾಗದ ತೆರಪು ಅಂತರಿಕ್ಷವಾಯಿತು, ಒಂದು ಕೆಲಸವನ್ನು ಮಾಡಲು ದೊರೆತ ಎಡೆ ನಮ್ಮ ಅವಕಾಶವಾಯಿತು, ಯಾರೂ ಕಸಿಯಲಾಗದಂತೆ ಒಬ್ಬನಿಗೆ ಸಂದ ಎಡೆ ಮಲಯಾಳಂನ ಹಕ್ಕಾಯಿತು ಎಂದು ನಾನು ಅರ್ಥಮಾಡಿಕೊಂಡಿದ್ದೇನೆ.

2005ರ ಮಾಹಿತಿ ಹಕ್ಕು ಅಧಿನಿಯಮದ ಹೆಸರೊಂದನ್ನೇ ತೆಗೆದುಕೊಂಡರೂ ಸಾಕು. ಹಿಂದಿಯಲ್ಲಿ ಅದು 'ಸೂಚನಾ ಕಾ ಅಧಿಕಾರ್ ಅಧಿನಿಯಮ್', ಮಲಯಾಳಂನಲ್ಲಿ 'ವಿವರಾವಕಾಶ ನಿಯಮಂ', ತೆಲುಗಿನಲ್ಲಿ 'ಸಮಾಚಾರ ಹಕ್ಕು ಚಟ್ಟಂ'. ಹಿಂದಿಯ ಸೂಚನಾ ಮಾಹಿತಿ, ನಮ್ಮ ಸೂಚನೆ ನಿರ್ದೇಶನ ಅಥವಾ ಸುಳಿವು. ಹಿಂದಿಯ ಅಧಿಕಾರ್ ಹಕ್ಕು, ನಮ್ಮ ಅಧಿಕಾರ ಆಳುವವರ ಕೈಯಲ್ಲಿರುವ ಬಲ. ಮಲಯಾಳಂನ ನಿಯಮಂ ಶಾಸನಸಭೆ ಮಾಡಿದ ಕಾನೂನು, ನಮ್ಮಲ್ಲಿ ನಿಯಮವೆಂದರೆ ಆ ಕಾನೂನಿನ ಅಡಿಯಲ್ಲಿ ಸರ್ಕಾರ ರಚಿಸುವ ಕಟ್ಟಳೆ. ತೆಲುಗಿನ ಚಟ್ಟಂ ಕಾನೂನಾದರೆ ಕನ್ನಡದ ಚಟ್ಟ ಶವವನ್ನು ಒಯ್ಯುವ ಬಿದಿರಿನ ಕಟ್ಟು. ಕೇರಳದ ಕಡತಗಳಲ್ಲಿ ಇದಕ್ಕಿಂತ ಹೆಚ್ಚಿನ ಎಚ್ಚರವನ್ನು ಬೇಡುವ ಜೋಡಿಯೊಂದಿದೆ: ಅಲ್ಲಿ 'ಸಂಸ್ಥಾನಂ' ಎಂದರೆ ರಾಜ್ಯ, 'ರಾಜ್ಯಂ' ಎಂದರೆ ದೇಶ. ಸಂಸ್ಥಾನ ಸರ್ಕಾರ ಎಂದು ಓದಿದೊಡನೆ ನಮ್ಮ ಮನಸ್ಸಿಗೆ ಮೈಸೂರು, ಜಮಖಂಡಿ, ಸಂಡೂರುಗಳ ಅರಸರ ಕಾಲ ಬರುತ್ತದೆ; ಅಲ್ಲಿ ಹೇಳುತ್ತಿರುವುದು ತಿರುವನಂತಪುರದ ಇಂದಿನ ಸರ್ಕಾರದ ಮಾತನ್ನು. ಹಿಂದಿಯವರಿಗಾದರೆ 'ಸಂಸ್ಥಾನ್' ಎಂಬುದು ಸಂಶೋಧನೆಯನ್ನೋ ಬೋಧನೆಯನ್ನೋ ಮಾಡುವ ಸಂಸ್ಥೆ.

ಪಟ್ಟಿಯಲ್ಲಿ ನನಗೆ ಅತ್ಯಂತ ಪ್ರಿಯವಾದ ಪುಟ 'ಸಮಾಧಾನ'ದ್ದು. ಕನ್ನಡದಲ್ಲಿ ಅದು ಮನಸ್ಸಿನ ನೆಮ್ಮದಿ, ಅಳುವವರಿಗೆ ಹೇಳುವ ಸಾಂತ್ವನ, ಮರಾಠಿಯಲ್ಲಿ ತೃಪ್ತಿ, ಹಿಂದಿಯಲ್ಲಿ ಸಮಸ್ಯೆಯ ಪರಿಹಾರ, ತೆಲುಗಿನಲ್ಲಿ ಪ್ರಶ್ನೆಗೆ ಕೊಡುವ ಉತ್ತರ, ತಮಿಳು ಮತ್ತು ಮಲಯಾಳಂಗಳಲ್ಲಿ ಯುದ್ಧಕ್ಕೆ ಎದುರಾದ ಶಾಂತಿ. ನೊಬೆಲ್ ಶಾಂತಿ ಪ್ರಶಸ್ತಿಯ ಸುದ್ದಿಯನ್ನು ಮಲಯಾಳಂ ಪತ್ರಿಕೆ ಸಮಾಧಾನದ ಪ್ರಶಸ್ತಿಯೆಂದೇ ಬರೆಯುತ್ತದೆ. ಇಷ್ಟು ಅರ್ಥಗಳು ಎಲ್ಲಿಂದ ಒಡೆದವು ಎಂಬುದನ್ನು ಹುಡುಕುತ್ತ ಹೋದಾಗ ಸಂಸ್ಕೃತದ ಎರಡು ಬಳಕೆಗಳು ಕಂಡವು. ವೇದಾಂತದಲ್ಲಿ ಶಮ, ದಮ, ಉಪರತಿ, ತಿತಿಕ್ಷೆ, ಶ್ರದ್ಧೆಗಳ ಜೊತೆಗೆ ಸಮಾಧಾನವನ್ನೂ ಸಾಧಕನಿಗೆ ಬೇಕಾದ ಸಂಪತ್ತೆಂದು ಎಣಿಸುತ್ತಾರೆ. ಅಲ್ಲಿ ಅದು ಚಿತ್ತವನ್ನು ಒಂದೆಡೆ ನಿಲ್ಲಿಸುವುದು. ಶಾಸ್ತ್ರಗ್ರಂಥಗಳಲ್ಲಿಯಾದರೆ ಎದುರಾಳಿ ಎತ್ತಿದ ಆಕ್ಷೇಪಕ್ಕೆ ಕೊಡುವ ಉತ್ತರವೇ ಸಮಾಧಾನ. ಮೊದಲನೆಯ ದಾರಿಯಲ್ಲಿ ನಡೆದರೆ ನೆಮ್ಮದಿ, ತೃಪ್ತಿ, ಶಾಂತಿಗಳಿಗೆ ಬರುತ್ತೇವೆ. ಎರಡನೆಯದರಲ್ಲಿ ಉತ್ತರಕ್ಕೂ ಪರಿಹಾರಕ್ಕೂ ಬರುತ್ತೇವೆ. ಈ ಕವಲುಗಳನ್ನು ಕಂಡ ಮೇಲೆ ಆ ಪದವನ್ನು ನೆನಪಿನಲ್ಲಿಟ್ಟುಕೊಳ್ಳಲು ನನಗೆ ಪಟ್ಟಿಯೇ ಬೇಕಾಗಿಲ್ಲ. ಆದ್ದರಿಂದ ಈಗ ಪ್ರತಿ ಪದದ ಎದುರಿನಲ್ಲಿ ಅರ್ಥಗಳನ್ನು ಮಾತ್ರ ಬರೆಯದೆ, ಅವು ಯಾವ ಬಿಂದುವಿನಲ್ಲಿ ಬೇರೆಯಾಗಿರಬಹುದೆಂಬ ನನ್ನ ಊಹೆಯನ್ನೂ ಊಹೆಯೆಂದೇ ನಮೂದಿಸಿ ಬರೆಯುತ್ತೇನೆ.

ಫಾರಸಿ ಮತ್ತು ಅರಬ್ಬಿ ಮೂಲದ ಪದಗಳು ನ್ಯಾಯಾಲಯದ ಕಾಗದಗಳಲ್ಲಿ ಹೆಚ್ಚು. ಅರಬ್ಬಿಯಲ್ಲಿ ಪುನರಾವರ್ತನೆ ಎಂಬ ಅರ್ಥದ 'ತಕ್ರಾರ್' ಹಿಂದಿಯಲ್ಲಿ ಜಗಳ, ಮರಾಠಿಯಲ್ಲಿ ದೂರು, ಕನ್ನಡದಲ್ಲಿ ಆಕ್ಷೇಪಣೆ. ಕಾನೂನಿನ ದೃಷ್ಟಿಯಲ್ಲಿ ದೂರು ಕೊಡುವವನೂ ತಕರಾರು ಎತ್ತುವವನೂ ಎರಡು ಬೇರೆ ಸ್ಥಾನಗಳಲ್ಲಿರಬಹುದು. 'ರಾಜೀನಾಮೆ' ಕನ್ನಡ, ಮರಾಠಿ, ತೆಲುಗುಗಳಲ್ಲಿ ಹುದ್ದೆಯನ್ನು ಬಿಡುವ ಪತ್ರ. ಹಿಂದಿ, ಉರ್ದುಗಳ 'ರಾಜೀನಾಮಾ' ಎರಡು ಪಕ್ಷಗಳು ಒಪ್ಪಿ ಬರೆದುಕೊಟ್ಟ ರಾಜಿಪತ್ರ. ಮರಾಠಿಯ 'ಚೌಕಶಿ' ವಿಚಾರಣೆ, ಮೈಸೂರು ಕಡೆಯ 'ಚೌಕಾಸಿ' ಬೆಲೆ ಜಗ್ಗುವುದು. 1956ರ ಏಕೀಕರಣದವರೆಗೆ ಮುಂಬಯಿ ಆಡಳಿತದಲ್ಲಿದ್ದ ಧಾರವಾಡ, ಬೆಳಗಾವಿ ಕಡೆಗಳಲ್ಲಿ ಮರಾಠಿಯ ಅರ್ಥವೂ ಕನ್ನಡದ ಮಾತಿನೊಳಗೇ ಬಳಕೆಯಲ್ಲಿದೆ. ಆ ಭಾಗದ ಹಳೆಯ ದಾಖಲೆಗಳನ್ನು ಓದುವಾಗ ಕನ್ನಡದ ಪದಗಳಿಗೂ ಇದೇ ಪರೀಕ್ಷೆಯನ್ನು ಒಡ್ಡುತ್ತೇನೆ.

ದ್ರಾವಿಡ ಮೂಲದ ಪದಗಳಲ್ಲಿ ಒಂದು ಅನುಕೂಲವಿದೆ, ಧ್ವನಿವ್ಯತ್ಯಾಸಗಳಿಗೆ ಕ್ರಮವಿರುವುದರಿಂದ ನೆಂಟಸ್ತಿಕೆಯನ್ನು ಗುರುತಿಸಬಹುದು. ಹಳಗನ್ನಡದ ಪಕಾರ ಹೊಸಗನ್ನಡದಲ್ಲಿ ಹಕಾರವಾಗಿದೆ, ಇತರ ಭಾಷೆಗಳಲ್ಲಿ ಪಕಾರವಾಗಿಯೇ ಉಳಿದಿದೆ. ಆದರೆ ನೆಂಟಸ್ತಿಕೆ ಸರಿಯಾದ ಮಾತ್ರಕ್ಕೆ ಅರ್ಥ ಸರಿಹೋಗಬೇಕೆಂದಿಲ್ಲ. ನಮ್ಮ 'ಹುಲಿ', ತಮಿಳಿನ ಮತ್ತು ತೆಲುಗಿನ 'ಪುಲಿ' ಒಂದೇ ಪ್ರಾಣಿ. ಮಲಯಾಳಂನ 'ಪುಲಿ' ಮಾತ್ರ ಚಿರತೆ, ಹುಲಿಗೆ ಅಲ್ಲಿ 'ಕಡುವ' ಎನ್ನುತ್ತಾರೆ. ಕಾಡಂಚಿನ ಕಥೆಯೊಂದನ್ನು ಅನುವಾದಿಸುವಾಗ ಈ ವ್ಯತ್ಯಾಸ ಕಥೆಯ ನಡೆಯನ್ನೇ ಬದಲಿಸಬಲ್ಲದು, ಏಕೆಂದರೆ ಚಿರತೆ ಮರವೇರಿ ಕೂರುತ್ತದೆ, ಊರೊಳಗೆ ನಾಯಿಯನ್ನು ಹಿಡಿಯಲು ಬರುತ್ತದೆ. 'ವೆಳ್ಳಂ' ಮಲಯಾಳಂನಲ್ಲಿ ನೀರು, ತಮಿಳಿನಲ್ಲಿ ನೆರೆ. ತುಳುವಿನ 'ಬೊಳ್ಳ' ಕೂಡ ನೆರೆಯೇ. ಲಕಾರದ 'ವೆಲ್ಲಂ' ನಮ್ಮ ಬೆಲ್ಲ. ಲಕಾರ, ಳಕಾರಗಳ ಭೇದವನ್ನು ಲೆಕ್ಕಿಸದೆ ಓದುವವರಿಗೆ ಇಲ್ಲಿ ನೀರೂ ಬೆಲ್ಲವೂ ಬೆರೆತುಹೋಗುತ್ತವೆ. ಬಂಧುವಾಚಕಗಳ ಬಗೆಗೆ ಪ್ರತ್ಯೇಕವಾಗಿ ಬರೆಯಬೇಕು. ಸದ್ಯಕ್ಕೆ ಇಷ್ಟು ಹೇಳುತ್ತೇನೆ, ಮರಾಠಿಯ 'ತಾಯಿ' ಅಕ್ಕ, ಆಂಧ್ರದ ತೆಲುಗಿನ 'ಅವ್ವ' ಅಜ್ಜಿ.

ಕಥೆ, ಕಾದಂಬರಿಗಳಲ್ಲಿ ನನ್ನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸುವ ಪದ 'ಸಂಸಾರ'. ಮಲಯಾಳಂನಲ್ಲಿ ಸಂಸಾರವೆಂದರೆ ಮಾತುಕತೆ. ಗಂಡಹೆಂಡಿರ 'ಸಂಸಾರ' ನಿಂತಿತು ಎಂದು ಅಲ್ಲಿ ಬರೆದಿದ್ದರೆ, ಅವರು ಮಾತನಾಡುವುದನ್ನು ನಿಲ್ಲಿಸಿದರು ಎಂದಷ್ಟೇ ತಿಳಿಯಬೇಕು. ಹಾಗೆಯೇ ಉಳಿಸಿದರೆ ಕನ್ನಡದ ಓದುಗನ ಕಣ್ಣಿನಲ್ಲಿ ಆ ಮನೆಯೇ ಮುರಿದುಬೀಳುತ್ತದೆ. ತಮಿಳಿನ ಆಡುಮಾತಿನಲ್ಲಿ ಅದು ಹೆಂಡತಿ, ಹಿಂದಿಯಲ್ಲಿ ಲೋಕ. ಮರಾಠಿಯ ಸಂಸಾರ ನಮ್ಮದಕ್ಕೆ ಬಹಳ ಹತ್ತಿರ. ಆದರೆ ಮರಾಠಿಯ ಸಂತರು 'ಪ್ರಪಂಚ' ಎಂದಾಗ ನಾವು ಭೂಮಂಡಲವನ್ನು ತಂದುಕೊಳ್ಳಬಾರದು, ಅಲ್ಲಿ ಅದು ಪರಮಾರ್ಥಕ್ಕೆ ಎದುರಾಗಿ ನಿಂತ ಗೃಹಸ್ಥನ ಬದುಕು. ಹಿಂದಿಯಲ್ಲಿ ಅದೇ ಪದಕ್ಕೆ ಕಪಟ, ರಗಳೆ ಎಂಬ ಛಾಯೆ ಬಂದಿದೆ. ಹೀಗೆ ಅರ್ಥದ ಒಂದು ಭಾಗ ಹೊಂದಿ, ಇನ್ನೊಂದು ಭಾಗ ಹೊಂದದೆ ಉಳಿಯುವ ಪದಗಳಿಗೆ ಪಟ್ಟಿಯಿಂದ ಸಿದ್ಧ ಉತ್ತರ ದೊರೆಯುವುದಿಲ್ಲ. ಹಿಂದಿಯ 'ಅಭಿಮಾನ್' ಹಲವೆಡೆ ಗರ್ವ, ಮರಾಠಿಯಲ್ಲಿ ಹೆಮ್ಮೆ, ಬಂಗಾಳಿಯಲ್ಲಿ ಪ್ರೀತಿಸುವವರಿಂದಲೇ ನೊಂದಾಗ ಹುಟ್ಟುವ ಮುನಿಸು, ಕನ್ನಡದಲ್ಲಿ ಹೆಮ್ಮೆಯ ಜೊತೆಗೆ ಒಲವು. ಇಂಥಲ್ಲಿ ಆ ಪದದ ಹಿಂದೆಮುಂದೆ ಯಾವ ಕ್ರಿಯಾಪದ ಬಂದಿದೆ, ಅದನ್ನು ಆಡುತ್ತಿರುವವರು ಯಾರು, ಕೇಳುತ್ತಿರುವವರು ಯಾರು ಎಂಬುದನ್ನು ನೋಡಿಯೇ ಪ್ರತಿ ಸಲವೂ ಹೊಸದಾಗಿ ತೀರ್ಮಾನಿಸಬೇಕಾಗುತ್ತದೆ.

ಇತ್ತೀಚೆಗೆ ಪಟ್ಟಿಗೆ ಹಳಗನ್ನಡ ಮತ್ತು ನಡುಗನ್ನಡಗಳ ಅಂಕಣವನ್ನೂ ಸೇರಿಸಿದ್ದೇನೆ. ಕಾಲದ ಅಂತರವೂ ಭಾಷೆಯ ಅಂತರದಷ್ಟೇ ಪದಗಳನ್ನು ದೂರ ಸರಿಸುತ್ತದೆಯೆಂಬುದು ಕೆಲಸ ಮಾಡುತ್ತಿರುವಾಗಲೇ ಕಾಣಿಸಿತು. ಹಳೆಯ ಕಾವ್ಯ, ಶಾಸನಗಳಲ್ಲಿ 'ಸಮಯ' ಎಂದರೆ ಬಹಳ ಕಡೆ ಮತ, ಸಿದ್ಧಾಂತ. 'ತೋಟಿ' ಎಂದರೆ ಜಗಳ. 'ಅವಸರ' ಎಂದರೆ, ಇಂದಿನ ಹಿಂದಿಯಲ್ಲಿರುವಂತೆಯೇ, ಸಂದರ್ಭ. ವಚನಕಾರರು ಸಂಸಾರವನ್ನು ಸಾಗರವೆಂದು ಕರೆದಾಗ ಹೆಂಡತಿ ಮಕ್ಕಳಿರುವ ಮನೆಯೊಂದನ್ನೇ ಅವರು ಹೇಳುತ್ತಿಲ್ಲ, ಹುಟ್ಟುಸಾವುಗಳ ಇಡೀ ಸುತ್ತನ್ನು ಹೇಳುತ್ತಿದ್ದಾರೆ. ಈ ಅಂಕಣ ಇನ್ನೂ ತೆಳುವಾಗಿದೆ. ಸಾಹಿತ್ಯ ಪರಿಷತ್ತಿನ ನಿಘಂಟಿನ ಸಂಪುಟಗಳನ್ನು ಅಕಾರದಿಂದ ಹಿಡಿದು ಓದುತ್ತ, ಅದರಲ್ಲಿ ಕೊಟ್ಟಿರುವ ಹಳೆಯ ಪ್ರಯೋಗಗಳ ನೆರವಿನಿಂದ ಅದನ್ನು ತುಂಬಿಸುತ್ತಿದ್ದೇನೆ.