ಕಾಫಿ ಕಟ್ಟಿಗೆಯಲ್ಲಿ ತಸ್ಬೀಹ್ ಮಾಡಿದ ನನ್ನ ಅನುಭವ

ಈ ರಂಜಾನಿಗೆ ನನ್ನ ಕೈಯಿಂದ ಸುಮಾರು 220 ತಸ್ಬೀಹ್, ಅಂದರೆ ಜಪಮಣಿ ಸರ, ಹೋದವು. ಬಿರುಕು ಬಿಟ್ಟಿದೆ ಅಂತ ಒಂದೂ ವಾಪಸ್ ಬಂದಿಲ್ಲ. "ಕಾಫಿ ಕಟ್ಟಿಗೆ ಒಲೆಗೇ ಸರಿ, ಮಣಿ ಗಿಣಿ ಆಗಲ್ಲ" ಅಂತ ಚಿಕ್ಕಮಗಳೂರಿನ ನಾಲ್ಕೈದು ಬಡಗಿಗಳು ಹೇಳಿದ್ದರು. ನಮ್ಮ ಚಾಚಾ ಕೂಡ ಹೇಳಿದ್ದರು. ಮೊನ್ನೆ ಅವರೇ ಬಂದು ಎರಡು ಸರ ಕೇಳಿ ತಗೊಂಡು ಹೋದರು. ಅದಕ್ಕೇ ಬರೆಯುತ್ತಿದ್ದೇನೆ.

ಲೇತ್ ಹಿಡಿದು ಗೊತ್ತಿರುವವರಿಗೆ ಮಣಿ ಕಡೆಯುವುದನ್ನು ಹೇಳಿಕೊಡಬೇಕಿಲ್ಲ. ಕಾಟ ಕೊಟ್ಟದ್ದು ಕಟ್ಟಿಗೆ. ಆಲ್ದೂರಿನ ಹತ್ತಿರ ಒಂದು ತೋಟದಲ್ಲಿ ಹಳೇ ಗಿಡ ಕೀಳಿಸುತ್ತಿದ್ದರು. ಒಂದು ಪಿಕಪ್ ತುಂಬಿಸಿಕೊಂಡು ಬಂದೆ, ಬಾಡಿಗೆ 1,500. ಹಸಿ ಇದ್ದಾಗಲೇ ಕಡೆದೆ. ಬೆಣ್ಣೆ ಬಣ್ಣ, ನುಣುಪು, ನೋಡೋಕೆ ಏನು ಚೆಂದ! ಮೂರನೇ ದಿನ ಡಬ್ಬ ತೆಗೆದರೆ ಒಂದೊಂದು ಮಣಿಯಲ್ಲೂ ಕೂದಲೆಳೆಯಂಥ ಬಿರುಕು. 900 ಮಣಿ ಇದ್ದಿರಬೇಕು, ಎಲ್ಲ ಬಚ್ಚಲೊಲೆಗೆ ಹೋಯಿತು.

ಎರಡನೇ ಸಲ ಬಿಸಿಲಿಗೆ ಹಾಕಿದೆ. ಕಡೆಯುವ ಮುಂಚೆಯೇ ಸೀಳಿತು. ಮೂರನೇ ಸಲ ತಂದದ್ದು ಅರೇಬಿಕಾ ಜಾತಿಯ ಕಾಫಿ, ಒಳಗೆಲ್ಲ ಬೋರರ್ (ಕಾಂಡ ಕೊರೆಯುವ ಹುಳ) ಕೊರೆದು ಹುಡಿ ತುಂಬಿತ್ತು. ಬೋರರ್ ಹಿಡಿದ ಗಿಡ ಸುಡಬೇಕು, ಊರೂರು ಸಾಗಿಸಬಾರದು ಅಂತ ತೋಟದವರು ಬೈದರು. ಅವರು ಹೇಳಿದ್ದು ಸರಿ. ಅಲ್ಲಿಂದ ನಾನು ಈ ಹುಳ ಅಷ್ಟಾಗಿ ಮುಟ್ಟದ ರೋಬಸ್ಟಾ ಜಾತಿ ಬಿಟ್ಟು ಬೇರೆ ಮುಟ್ಟಿಲ್ಲ.

ಎರಡು ವರ್ಷದಲ್ಲಿ ಲೇತ್, ಮೋಟರು ಎಲ್ಲ ಸೇರಿ 40 ಸಾವಿರದ ಹತ್ತಿರ ಹೋಯಿತು. ಬಂದದ್ದು 6 ಸಾವಿರ ಇರಬಹುದು. ಮನೆಯವಳ ಬಳೆ ಅಡವಿಟ್ಟಿದ್ದೆ. ಅವಳು ಒಂದು ಮಾತೂ ಆಡಲಿಲ್ಲ, ಅದೇ ನನಗೆ ಜಾಸ್ತಿ ನೋವಾಗುತ್ತಿತ್ತು.

ಬಿರುಕೆಲ್ಲ ತಿರುಳಿಂದಲೇ ಶುರುವಾಗುತ್ತೆ ಅಂತ ಕಣ್ಣಿಗೆ ಬಿದ್ದದ್ದು ಆಮೇಲೆ. ಈಗ ಕಾಂಡವನ್ನು ಉದ್ದಕ್ಕೆ ಸೀಳಿ ನಡುವಿನ ತಿರುಳನ್ನು ಪೂರ್ತಿ ತೆಗೆಯುತ್ತೇನೆ. ಎರಡೂ ತುದಿಗೆ ಮೇಣ ಬಳಿದು, ಒಣಗಿದ ಸಾಮಿಲ್ ಹೊಟ್ಟಿನಲ್ಲಿ ಹೂತು ಅಟ್ಟದ ಮೇಲೆ ಇಡುತ್ತೇನೆ. ಹೊಟ್ಟು ಹಸಿ ಇದ್ದರೆ ಬೂಷ್ಟು ಬರುತ್ತೆ, ಹುಷಾರು. ಮುಂಗಾರಿಗೆ ಮುಂಚೆ ಇಟ್ಟದ್ದನ್ನು ದೀಪಾವಳಿ ಹೊತ್ತಿಗೆ ತೆಗೆಯುವುದು. ನಮ್ಮ ಮಲೆನಾಡಿನ ಥಂಡಿ ಇಲ್ಲಿ ಉಪಕಾರಕ್ಕೆ ಬಂತು, ಅವಸರವಿಲ್ಲದೆ ಒಣಗುತ್ತೆ. ಕೊಯ್ದ ಮೇಲೆ, ಕಡೆಯುವ ಮುಂಚೆ ಇನ್ನೊಂದು ಕೆಲಸ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಅದರಲ್ಲೇ ನನ್ನ ಅನ್ನ ಇದೆ.

ಹೊಳಪಿಗೆ ಮೊದಲು ವಾರ್ನಿಶ್ ಹೊಡೆದಿದ್ದೆ. ನಮಾಜಿಗೆ ಮುಂಚೆ ಕೈಕಾಲು ತೊಳೆದು ವುಝೂ ಮಾಡಿದ ಒದ್ದೆ ಕೈಯಲ್ಲಿ ದಿನಕ್ಕೆ ಐದು ಸಲ ಹಿಡಿದರೆ ಎಲ್ಲಿ ನಿಲ್ಲುತ್ತೆ? ಪೊರೆ ಎದ್ದಿತು. ಹಸಿರು ಬಣ್ಣ ಹಾಕಿದ್ದು ಒಬ್ಬರ ಬಿಳಿ ಜುಬ್ಬಾಕ್ಕೆ ಹತ್ತಿತು, ಜುಬ್ಬಾದ ದುಡ್ಡು ಕೊಟ್ಟೆ. ಕೊಬ್ಬರಿ ಎಣ್ಣೆ ಹಚ್ಚಿದರೆ ತಿಂಗಳಲ್ಲಿ ಮುಗ್ಗಲು ವಾಸನೆ. ಈಗ ಜೇನುಮೇಣ ಮಾತ್ರ, ಬಟ್ಟೆಯಲ್ಲಿ ಬಿಸಿಯಾಗುವ ತನಕ ತಿಕ್ಕಬೇಕು. ಕೈಯಲ್ಲಿ ಓಡಾಡಿದಷ್ಟೂ ಬಣ್ಣ ಜೇನಿನ ಕಡೆ ತಿರುಗುತ್ತೆ.

ಮಸೀದಿಯ ಹಜರತ್ ಹತ್ತಿರ ಕಲಿತದ್ದು ಬೇರೆ. 99 ಮಣಿಯ ಸರದಲ್ಲಿ 33ಕ್ಕೊಂದು ನಿಶಾನಿ, ಗಂಟಿನ ಹತ್ತಿರ ಇಮಾಮ್ ಅನ್ನುವ ಉದ್ದನೆಯ ಮಣಿ, ಅದೆಲ್ಲ ನನಗೂ ಗೊತ್ತಿತ್ತು. ನಿಶಾನಿಗೆ ಅದೇ ಅಳತೆಯ ಕಪ್ಪು ಮಣಿ ಹಾಕಿದ್ದೆ. ಹಜರತ್ ಕಣ್ಣು ಮುಚ್ಚಿ, ಹೆಬ್ಬೆರಳಲ್ಲಿ ಒಂದೊಂದೇ ಮಣಿ ಸರಿಸುತ್ತ "ಸುಬ್ಹಾನಲ್ಲಾಹ್" ಹೇಳುತ್ತ ಹೋದರು. ನಿಶಾನಿ ದಾಟಿ ನಾಲ್ಕು ಮಣಿ ಮುಂದೆ ಹೋಗಿ ನಿಂತರು. "ಬೇಟಾ, ಕಣ್ಣು ಮುಚ್ಚಿದವನಿಗೆ ಬಣ್ಣ ಹೇಗಪ್ಪಾ ಗೊತ್ತಾಗಬೇಕು?" ಅಂದರು. ಅವತ್ತಿಂದ ನಿಶಾನಿಗೆ ಚಪ್ಪಟೆ ಬಿಲ್ಲೆ. ಫರ್ನಿಚರ್ ಅಂಗಡಿಯ ಬೀಟೆ ಚೂರು ಅದಕ್ಕೆ ಸಾಕು. ದಾರವನ್ನೂ ಎರಡು ಬೆರಳು ಸಡಿಲ ಬಿಡುತ್ತೇನೆ, ಮಣಿ ಜಾರಿ ಬೀಳುವ ಸಣ್ಣ ಸದ್ದು ಕೇಳಬೇಕು.

ಒಂದು ತಪ್ಪು ಮಾತ್ರ ಮರೆಯೋಕಾಗಲ್ಲ. ವಯಸ್ಸಾದ ಖಾಲಾ ಒಬ್ಬರಿಗೆ ಕೊಟ್ಟ ಸರದಲ್ಲಿ 98 ಮಣಿ ಇತ್ತು. ಮೂರು ತಿಂಗಳು ಅದರಲ್ಲೇ ಓದಿದ್ದರು. ಕೇಳಿ ಹೊಟ್ಟೆಯಲ್ಲಿ ಸಂಕಟವಾಯಿತು. ಅಳಗುಳಿ ಮಣೆ ನೆನಪಾಗಿ, 33 ಗುಳಿಯ ಮೂರು ಸಾಲು ಕೊರೆದು ಒಂದು ಹಲಗೆ ಮಾಡಿಕೊಂಡೆ. ಗುಳಿ ತುಂಬದೆ ದಾರ ಮುಟ್ಟುವುದಿಲ್ಲ.

ನಡುವೆ ಇಫ್ತಾರಿನ ಖರ್ಜೂರದ ಬೀಜ ಕೂಡಿಹಾಕಿ ಅದರಲ್ಲೂ ಮಾಡಿ ನೋಡಿದೆ. ಆ ಬೀಜ, ಸಣ್ಣ ಕಲ್ಲು ಇಟ್ಟು ಎಣಿಸುತ್ತಿದ್ದ ಮಾತು ಹದೀಸ್‌ನಲ್ಲೇ (ಪ್ರವಾದಿಯವರ ನಡೆ-ನುಡಿಯ ದಾಖಲೆ) ಬರುತ್ತೆ ಅಲ್ವಾ, ಆಸೆಯಾಯಿತು. ಮೂರು ದಿನ ನೆನೆಸಿದರೂ ಡ್ರಿಲ್ ಬಿಟ್ ಆ ಸೀಳಿನಲ್ಲಿ ಜಾರುತ್ತೆ. ಹತ್ತಕ್ಕೆ ನಾಲ್ಕು ಒಡೆದವು. ಒಂದು ಸರ ಆಯಿತು, ಅದು ಮಾರಾಟಕ್ಕಿಲ್ಲ. ಬೆರಳಲ್ಲಿ ಎಣಿಸುವುದೇ ಮೇಲು ಅನ್ನುವವರೂ ಇದ್ದಾರೆ. ಅವರ ಜೊತೆ ನನ್ನ ವಾದವಿಲ್ಲ, ನನ್ನ ಅಬ್ಬಾ ಕೂಡ ಹಾಗೇ ಎಣಿಸುತ್ತಿದ್ದರು.

33ರದ್ದು 150 ರೂಪಾಯಿ, 99ರದ್ದು 350. ಪ್ಲಾಸ್ಟಿಕ್ಕಿಂದು 30ಕ್ಕೇ ಸಿಗುತ್ತೆ, ಆದರೂ ಜನ ಇದನ್ನು ಕೇಳುತ್ತಾರೆ. ಬಳೆ ಬಿಡಿಸಿಕೊಂಡು ಬಂದೆ.

ಹಜ್‌ಗೆ ಹೊರಟ ಒಬ್ಬರು 10 ಸರ ತಗೊಂಡರು, ಅಲ್ಲಿ ಜೊತೆಗಾರರಿಗೆ ಕೊಡೋಕಂತೆ. ಸೂಫಿ ಸಂತ ಬಾಬಾ ಬುಡನ್ ಹಜ್‌ನಿಂದ ಬರುವಾಗ ಯೆಮೆನ್‌ನಿಂದ ಏಳು ಕಾಫಿ ಬೀಜ ತಂದರು ಅಂತ ನಮ್ಮ ಬಾಬಾಬುಡನ್ ಗಿರಿಯ ಕಥೆ. ಅದು ಅರೇಬಿಕಾ, ನನ್ನದು ರೋಬಸ್ಟಾ, ಗೊತ್ತಿದೆ. ಆದರೂ ಈ ಬೆಟ್ಟದ ಕಾಫಿ ಕಟ್ಟಿಗೆ ಮಕ್ಕಾಕ್ಕೆ ಹೊರಟಿತಲ್ಲ ಅಂತ ಆ ಹತ್ತು ಸರಕ್ಕೆ ದುಡ್ಡು ತಗೊಳ್ಳೋಕೆ ಮನಸ್ಸಾಗಲಿಲ್ಲ.