ಸಂಗಾತಿ ಸರ್ಕಾರಿ ನೆರವು ಪಡೆಯುತ್ತಿದ್ದರೆ ಗ್ರೀನ್ ಕಾರ್ಡ್ ಅರ್ಜಿಯ ಗತಿಯೇನು?

ಅಮೆರಿಕದ ಪೌರರನ್ನು ಮದುವೆಯಾಗಿ ಇಲ್ಲಿ ನೆಲೆಸಲು ಬರುವ ನಮ್ಮವರನ್ನು ಒಂದು ಅಳುಕು ಪದೇ ಪದೇ ಕಾಡುತ್ತದೆ: ಗಂಡನೋ ಹೆಂಡತಿಯೋ ಫುಡ್ ಸ್ಟ್ಯಾಂಪ್ (ಆಹಾರ ಕೊಳ್ಳಲು ಸರ್ಕಾರ ಕೊಡುವ ನೆರವು) ಅಥವಾ ಮೆಡಿಕೇಡ್ (ಕಡಿಮೆ ಆದಾಯದವರಿಗೆ ಸರ್ಕಾರಿ ಆರೋಗ್ಯ ವಿಮೆ) ಪಡೆಯುತ್ತಿದ್ದರೆ ತಮ್ಮ ಗ್ರೀನ್ ಕಾರ್ಡ್ ಕೈತಪ್ಪುತ್ತದೆಯೇ? ಪೌರ ಸಂಗಾತಿ ನೆರವು ಪಡೆದರೆಂಬ ಒಂದೇ ಕಾರಣಕ್ಕೆ ಅರ್ಜಿ ಬಿದ್ದುಹೋಗುವುದಿಲ್ಲ. ಆದರೆ ಆ ನೆರವನ್ನು ಆದಾಯವೆಂದು ತೋರಿಸಲು ಬರುವುದಿಲ್ಲ. ತೊಡಕು ಇರುವುದು ಅಲ್ಲಿ.

ಬರುವವರ ಖರ್ಚುವೆಚ್ಚಕ್ಕೆ ತಾನು ಹೊಣೆಯೆಂದು ಸಂಗಾತಿ ಸಹಿ ಮಾಡುವ ಐ-864 ಅಫಿಡವಿಟ್‌ನಲ್ಲಿ ಆ ಸಂಗಾತಿಯ ಆದಾಯವು ಫೆಡರಲ್ ಬಡತನ ರೇಖೆಯ ಶೇ. 125ರಷ್ಟಾದರೂ ಇರಬೇಕು. ಅಲಾಸ್ಕಾ ಮತ್ತು ಹವಾಯಿ ಬಿಟ್ಟು ಉಳಿದ ರಾಜ್ಯಗಳಲ್ಲಿ 2025ರ ಲೆಕ್ಕದಂತೆ ಇಬ್ಬರ ಸಂಸಾರಕ್ಕೆ ಇದು ವರ್ಷಕ್ಕೆ 26,437 ಡಾಲರ್ ಇತ್ತು. ಅಂಗಡಿಯೊಂದರಲ್ಲಿ ಪಾರ್ಟ್ ಟೈಮ್ ದುಡಿದು 18,000 ಡಾಲರ್ ಗಳಿಸುತ್ತ, ಜೊತೆಗೆ ಫುಡ್ ಸ್ಟ್ಯಾಂಪ್ ಪಡೆಯುವ ಪತಿಯ ಆದಾಯ ಈ ಫಾರ್ಮಿನಲ್ಲಿ 18,000 ಮಾತ್ರ. ಕೊರತೆಯಾದ 8,437 ಡಾಲರನ್ನು ಆಸ್ತಿಯಿಂದ ತುಂಬುವುದಾದರೆ, ಪೌರರ ಸಂಗಾತಿಯ ಅರ್ಜಿಯಲ್ಲಿ ಅದರ ಮೂರು ಪಟ್ಟು, ಎಂದರೆ 25,311 ಡಾಲರ್ ಬೆಲೆಯ ಆಸ್ತಿ ತೋರಿಸಬೇಕು. ಅದು ಒಂದು ವರ್ಷದೊಳಗೆ ನಗದಾಗುವಂಥದ್ದಾಗಿರಬೇಕು. ಮೈಸೂರಿನ ಸೈಟಿನ ಕಾಗದ ಹಿಡಿದು ನಿಶ್ಚಿಂತರಾಗುವವರು, ಅದನ್ನು ಮಾರಿ ಹಣವನ್ನು ಇಲ್ಲಿಗೆ ತರಲು ಎಷ್ಟು ಕಾಲ ಹಿಡಿಯುತ್ತದೆಂದು ಮೊದಲು ಯೋಚಿಸಲಿ.

ಇನ್ನೊಂದು ದಾರಿ ಜಾಯಿಂಟ್ ಸ್ಪಾನ್ಸರ್, ಎಂದರೆ ಸಂಗಾತಿಯ ಜೊತೆಗೆ ಅದೇ ಹೊಣೆ ಹೊತ್ತು ಸಹಿ ಮಾಡುವ ಇನ್ನೊಬ್ಬರು. ಅವರು ಪೌರರೋ ಗ್ರೀನ್ ಕಾರ್ಡ್ ಇರುವವರೋ ಆಗಿದ್ದು, 18 ತುಂಬಿ, ಅಮೆರಿಕದಲ್ಲೇ ನೆಲೆಸಿರಬೇಕು. ನಿಮ್ಮ ಸಂಗಾತಿಯ ಗಳಿಕೆಯನ್ನು ಸೇರಿಸಿಕೊಳ್ಳದೆ ಮಿತಿಯನ್ನು ಮುಟ್ಟಬೇಕು. ನಾಲ್ವರ ಮನೆಯ ಚಿಕ್ಕಪ್ಪ ಸಹಿ ಮಾಡಿದರೆ ನಿಮ್ಮನ್ನೂ ಸೇರಿಸಿ ಐವರಿಗೆ ಲೆಕ್ಕ ಹಾಕುತ್ತಾರೆ: 2025ರಲ್ಲಿ ಅದು 47,062 ಡಾಲರ್ ಇತ್ತು. ಸಂಕೋಚಕ್ಕೆ ಬಿದ್ದು ಒಪ್ಪಿಕೊಳ್ಳುವ ಬಂಧುಗಳಿಗೆ ಇದರ ಹೊಣೆಯನ್ನು ಮುಚ್ಚಿಡುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ನೀವು ಪೌರತ್ವ ಪಡೆಯುವವರೆಗೆ, ಅಥವಾ ಸುಮಾರು ಹತ್ತು ವರ್ಷದ ದುಡಿಮೆಗೆ ಸಮನಾದ 40 ತ್ರೈಮಾಸಿಕಗಳು ನಿಮ್ಮ ಲೆಕ್ಕಕ್ಕೆ ಸೇರುವವರೆಗೆ ಆ ಹೊಣೆ ಉಳಿಯುತ್ತದೆ. ನೀವು ಗ್ರೀನ್ ಕಾರ್ಡ್ ಬಿಟ್ಟುಕೊಟ್ಟು ದೇಶ ತೊರೆದರೆ ಅಥವಾ ತೀರಿಕೊಂಡರೆ ಮುಗಿಯುತ್ತದೆ. ವಿಚ್ಛೇದನದಿಂದ ಮಾತ್ರ ಮುಗಿಯುವುದಿಲ್ಲ.

ಅರ್ಜಿದಾರರು ತಾವೇ ಪಡೆದ ನೆರವಿನ ವಿಚಾರ ಬೇರೆ; ಅದನ್ನು ‘ಪಬ್ಲಿಕ್ ಚಾರ್ಜ್’ ಎಂಬ, ಅರ್ಜಿದಾರರು ಮುಂದೆ ಸರ್ಕಾರಕ್ಕೆ ಹೊರೆಯಾಗುವರೇ ಎಂದು ನೋಡುವ ನಿಯಮದಡಿ ತೂಗುತ್ತಾರೆ. 2022ರ ಡಿಸೆಂಬರ್ 23ರಂದು ಜಾರಿಗೆ ಬಂದ ನಿಯಮದ ಪ್ರಕಾರ ಎಸ್‌ಎಸ್‌ಐ (ಕಡಿಮೆ ಆದಾಯದ ವೃದ್ಧರಿಗೆ, ಅಂಗವಿಕಲರಿಗೆ ಕೊಡುವುದು), ಟ್ಯಾನ್‌ಎಫ್‌ (ಮಕ್ಕಳಿರುವ ಬಡ ಕುಟುಂಬಗಳಿಗೆ ಕೊಡುವುದು) ಇಂಥ ನಗದು ನೆರವು ಮತ್ತು ಸರ್ಕಾರಿ ಖರ್ಚಿನಲ್ಲಿ ಸಂಸ್ಥೆಯೊಂದರಲ್ಲಿ ದೀರ್ಘಕಾಲ ಇದ್ದುದು ಲೆಕ್ಕಕ್ಕೆ ಬರುತ್ತವೆ. ಫುಡ್ ಸ್ಟ್ಯಾಂಪ್ ಬರುವುದಿಲ್ಲ, ಸಂಗಾತಿಯೋ ಪೌರರಾದ ಮಕ್ಕಳೋ ಪಡೆದ ನೆರವನ್ನು ಅರ್ಜಿದಾರರ ತಲೆಗೆ ಕಟ್ಟುವುದೂ ಇಲ್ಲ. ಆದರೆ 2025ರ ನವೆಂಬರಿನಲ್ಲಿ ಈ ನಿಯಮವನ್ನೇ ಹಿಂತೆಗೆಯುವ ಪ್ರಸ್ತಾವ ಪ್ರಕಟವಾಗಿರುವುದರಿಂದ, ಅರ್ಜಿ ಹಾಕುವ ದಿನ ಯಾವುದು ಜಾರಿಯಲ್ಲಿದೆಯೆಂದು ವಲಸೆ ಅರ್ಜಿಗಳನ್ನು ನೋಡುವ ಇಲಾಖೆಯಾದ ಯು.ಎಸ್.ಸಿ.ಐ.ಎಸ್. ಜಾಲತಾಣದಲ್ಲೇ ನೋಡಿಕೊಳ್ಳಿ, ನಿಮ್ಮ ಹೆಸರಿನಲ್ಲಿ ನಗದು ನೆರವು ಬಂದಿದ್ದರೆ ವಲಸೆ ವಕೀಲರನ್ನು ಕಾಣದೆ ಮುಂದುವರಿಯಬೇಡಿ. ಯಾರೋ ಹೇಳಿದರೆಂದು ಹೆದರಿ, ಇಲ್ಲೇ ಹುಟ್ಟಿದ ಮಗುವಿನ ಮೆಡಿಕೇಡ್ ರದ್ದು ಮಾಡಿಸುವ ಮೊದಲೂ ಅದೇ ವಕೀಲರನ್ನು ಕೇಳಿ.